ನೂರು ರೂಪಾಯಿಯ ಹೊಸ್ತಿಲು

ಹೆಲ್ಮೆಟ್ ಹಾಕದ ತಪ್ಪಿಗೆ ಮ್ಯಾಜಿಸ್ಟ್ರೇಟರು ವಿಧಿಸಿದ ದಂಡದ ವಿರುದ್ಧ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಬಹುದೇ? ಮೊದಲ ಸಲದ ತಪ್ಪಾದರೆ, 2019ರ ಆಗಸ್ಟ್‌ವರೆಗೆ ಉತ್ತರ ‘ಇಲ್ಲ’. ಮರುತಿಂಗಳಿಂದ ‘ಹೌದು’. ಅಷ್ಟರಲ್ಲಿ ಮೇಲ್ಮನವಿಯ ಕಾನೂನಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಹಾಕುವ ಸಣ್ಣ ದಂಡಕ್ಕೆ ಮೇಲ್ಮನವಿ ಇಲ್ಲವೆಂದು 1898ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿದಾಗ ಸಣ್ಣದೆಂದರೆ 50 ರೂಪಾಯಿ. 1973ರಲ್ಲಿ ಅದು 100 ಆಯಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ 100. ಸಂಕ್ಷಿಪ್ತ ವಿಚಾರಣೆಯ ದಂಡದ ಮೇಲ್ಮನವಿಗೆ ಬ್ರಿಟಿಷರು ಇಟ್ಟ 200 ರೂಪಾಯಿಯ ಮಿತಿಯಂತೂ ಇಂದಿಗೂ ಅಲುಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸಾಮಾನ್ಯ ತಪ್ಪಿಗೆ ಮೊದಲ ಸಲ ಗರಿಷ್ಠ ದಂಡ ನೂರೇ ಇತ್ತು. ಹೊಸ್ತಿಲಿಗೆ ಸರಿಯಾಗಿ ತಾಗಿ ನಿಂತಿತ್ತು. 2019ರ ತಿದ್ದುಪಡಿ ಅದನ್ನು 500ಕ್ಕೆ, ಹೆಲ್ಮೆಟ್ಟಿನದನ್ನು 1,000ಕ್ಕೆ ಏರಿಸಿತು. ಯಾರೂ ಯೋಚಿಸಿ ತೆರೆಯದ ಬಾಗಿಲು ದಂಡದ ಭಾರಕ್ಕೆ ತಾನೇ ತೆರೆದುಕೊಂಡಿತು.

ಆದರೆ ಆ ಬಾಗಿಲವರೆಗೆ ಹೋಗುವ ದಾರಿಯೇ ಬೇರೆ ಕಡೆ ತಿರುಗಿದೆ. ಪೊಲೀಸರ ಯಂತ್ರದಲ್ಲೋ ಬೆಂಗಳೂರು ಒನ್ ಕೇಂದ್ರದಲ್ಲೋ ಹಣ ಕಟ್ಟಿದವನ ಪ್ರಕರಣ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ರಾಜಿಯಲ್ಲಿ ಮುಗಿಯುತ್ತದೆ. ಅಲ್ಲಿ ತೀರ್ಪೇ ಇಲ್ಲ. ಇಲ್ಲದ ತೀರ್ಪಿನ ಮೇಲೆ ಮೇಲ್ಮನವಿ ಎಲ್ಲಿಯದು? ಕೋರ್ಟಿನ ಸಮನ್ಸ್ ಬಂದರೂ 208ನೇ ಸೆಕ್ಷನ್ ಇನ್ನೊಂದು ಸುಲಭದ ದಾರಿ ತೋರಿಸುತ್ತದೆ: ತಪ್ಪೊಪ್ಪಿಕೊಂಡು ಅಂಚೆಯಲ್ಲಿ ಹಣ ಕಳಿಸಿದರಾಯಿತು. ಹಾಗೆ ಒಪ್ಪಿಕೊಂಡವನು ಮುಂದೆ ಶಿಕ್ಷೆಯ ಪ್ರಮಾಣವನ್ನೋ ಅದರ ಕಾನೂನುಬದ್ಧತೆಯನ್ನೋ ಪ್ರಶ್ನಿಸಬಹುದು, ತಾನು ತಪ್ಪು ಮಾಡಿಯೇ ಇಲ್ಲವೆಂದು ಮೇಲ್ಮನವಿಯಲ್ಲಿ ವಾದಿಸಲಾಗದು. ಕ್ಯಾಮೆರಾ ನಂಬರ್ ಪ್ಲೇಟನ್ನು ತಪ್ಪಾಗಿ ಓದಿತೇ, ಉಸಿರು ಪರೀಕ್ಷೆಯ ಯಂತ್ರ ಸರಿಯಿತ್ತೇ ಎಂಬ ಪ್ರಶ್ನೆಗಳು ಅಲ್ಲಿಗೇ ಮುಚ್ಚಿಹೋಗುತ್ತವೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರು. ಅರ್ಧ ಬೆಲೆಗೆ ಸಿಗುವಾಗ ತಕರಾರು ಯಾರಿಗೆ ಬೇಕು!

ಚಿಲ್ಲರೆ ದಂಡಕ್ಕೆಲ್ಲ ಮೇಲ್ಮನವಿ ಎಂದರೆ ಕೋರ್ಟುಗಳ ಗತಿಯೇನು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಐನೂರು ರೂಪಾಯಿಗಾಗಿ ವಕೀಲರಿಗೆ ಅದರ ಹತ್ತುಪಟ್ಟು ತೆರುವವರೂ ವಿರಳ. ಆದರೆ ಇಲ್ಲಿ ತೂಗಬೇಕಾದ್ದು ದಂಡವನ್ನಲ್ಲ, ಅದರ ಬೆನ್ನಿಗೆ ಬರುವುದನ್ನು. ಕುಡಿದು ಓಡಿಸಿದ ಮೊದಲ ಪ್ರಕರಣಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ. ಎರಡನೆಯದಕ್ಕೆ 15,000, ಎರಡು ವರ್ಷ. ಬೇಗ ಮುಗಿಯಲಿ ಎಂದು ಒಪ್ಪಿಕೊಂಡ ಮೊದಲನೆಯದೇ ಎರಡನೆಯದಕ್ಕೆ ಮೆಟ್ಟಿಲು. ಟ್ಯಾಕ್ಸಿ ಚಾಲಕನಿಗಂತೂ ಲೈಸೆನ್ಸ್ ಅನರ್ಹವಾದರೆ ಅನ್ನವೇ ಹೋದಂತೆ. ಕಾಯ್ದೆ ಬರೆದವರಿಗೂ ಇದರ ಅರಿವಿತ್ತು: ಶಿಕ್ಷೆಯ ಮೇಲೆ ಮೇಲ್ಮನವಿ ಇಲ್ಲದಿದ್ದರೂ ಕೋರ್ಟಿನ ಅನರ್ಹತೆಯ ಆದೇಶವನ್ನು ಮೇಲಿನ ಕೋರ್ಟು ತೆಗೆದುಹಾಕಬಹುದೆಂದು 20ನೇ ಸೆಕ್ಷನ್ನಿನಲ್ಲಿ ಸೇರಿಸಿದ್ದಾರೆ.

ಒಪ್ಪಿಕೊಂಡ ಮೇಲೆ ಮತ್ತೇನು ಎನ್ನುವವರಿಗೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದಿದೆ. 1983ರ ಕಾನೂನು ವರದಿಗಳಲ್ಲಿ ಪ್ರಕಟವಾದ ಅದರಲ್ಲಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ ಹೊತ್ತವನು ಹಗುರ ಶಿಕ್ಷೆಯ ಆಸೆಗೆ ತಪ್ಪೊಪ್ಪಿಕೊಂಡಿದ್ದ. ಹೈಕೋರ್ಟು ಶಿಕ್ಷೆ ಹೆಚ್ಚಿಸಿತ್ತು. ಹಾಗೆ ಒಪ್ಪಿಸಿ ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದ ಸುಪ್ರೀಂ ಕೋರ್ಟು, ಮರು ವಿಚಾರಣೆಗೆ ಕಳಿಸಿತು. ಮೇಲ್ಮನವಿಗಿರುವ ಅವಧಿ 30 ದಿನ. ಅದು ಮೀರುವ ಮೊದಲೇ ಜನಕ್ಕೆ ತಿಳಿಯಲೆಂದು ಚಲನ್ನಿನ ಸಂದೇಶದಲ್ಲಿ ಹಣ ಕಟ್ಟುವ ಕೊಂಡಿಯ ಜೊತೆಗೆ, ಕಟ್ಟದೆ ವಿಚಾರಣೆ ಕೇಳುವ ಹಕ್ಕೂ ಉಂಟು, ಒಪ್ಪಿದರೆ ಏನು ಕಳೆದುಕೊಳ್ಳುವಿರಿ ಎಂಬ ಎರಡು ಸಾಲು ಕನ್ನಡದಲ್ಲಿ ಸೇರಿಸಲು ಯಾವ ಕಾನೂನೂ ಅಡ್ಡಿಯಿಲ್ಲ.