ಬೆಂಕಿಯ ಕಲ್ಲು, ನೀರಿನ ಕಲ್ಲು

ಕನ್ನಡ ಪಾಠ ಹೇಳುವವನಿಗೆ ಕಲ್ಲಿನ ಪರಿಚಯ ಇಲ್ಲದೆ ಇಲ್ಲ. ಕಲ್ಲೆದೆ, ಶಿಲಾಶಾಸನ, ಅಹಲ್ಯೆಯ ಶಾಪ ಇವೆಲ್ಲ ತರಗತಿಯಲ್ಲಿ ಮೇಲಿಂದ ಮೇಲೆ ಬರುವಂಥವೇ. ಕರಗದ್ದು, ಅಲುಗದ್ದು, ಹೇಗಿತ್ತೋ ಹಾಗೆಯೇ ಇರುವುದು ಕಲ್ಲು ಎಂದು ನಾನು ಇಪ್ಪತ್ತು ವರ್ಷ ಅರ್ಥ ಹೇಳಿಕೊಂಡು ಬಂದವನು. ಆ ಅರ್ಥ ಅರೆಸತ್ಯವೆಂದು ತಿಳಿದದ್ದು ವಿದ್ಯಾರ್ಥಿಗಳೊಡನೆ ಕೈಗೊಂಡ ಒಂದು ಪ್ರವಾಸದಲ್ಲಿ. ಮೊದಲ ದಿನ ಬಾದಾಮಿ, ಮರುದಿನ ಹಂಪಿ.

ಬಾದಾಮಿಯ ಗುಡ್ಡ ಹತ್ತುವಾಗ ನಮ್ಮ ಹುಡುಗನೊಬ್ಬ ಬೀಗದ ಕೈಯಿಂದ ಬಂಡೆಯ ಮೇಲೆ ತನ್ನ ಹೆಸರಿನ ಮೊದಲಕ್ಷರವನ್ನು ಕೊರೆಯುತ್ತಿದ್ದ. ಗದರಿದೆ. ಅವನು ನಾಚಿ ಕೈ ತೆಗೆದ. ಬೆರಳಿಗೆ ಕೆಂಪು ಪುಡಿ ಅಂಟಿತ್ತು. ಅದನ್ನು ಉಜ್ಜಿ ನೋಡಿ, “ಸಾರ್, ಇದು ಕಲ್ಲಲ್ಲ, ಮರಳು” ಎಂದ. ಜೊತೆಯಲ್ಲಿದ್ದ ಭೂವಿಜ್ಞಾನದ ಅಧ್ಯಾಪಕರು ನಕ್ಕು, “ಅವನು ಹೇಳಿದ್ದು ಸರಿ” ಎಂದರು.

ನಿಜವೇ. ಎಂದೋ ಹಳೆಯ ಬೆಟ್ಟಗಳು ಬಿಸಿಲುಮಳೆಗೆ ಸವೆದು, ಆ ಮರಳನ್ನು ನೀರು ಹೊತ್ತು ತಂದು ತಗ್ಗಿನಲ್ಲಿ ಹಾಸಿತು. ಹಾಸಿನ ಮೇಲೆ ಹಾಸು ಬಿದ್ದು, ಮೇಲಿನ ಭಾರಕ್ಕೆ ಕೆಳಗಿನದು ಅಡಕವಾಯಿತು. ನೀರಿನಲ್ಲಿ ಕರಗಿ ಬಂದ ಸಿಲಿಕ, ಕಬ್ಬಿಣದ ಅಂಶ ಮುಂತಾದವು ಕಣಗಳ ಸಂದಿನಲ್ಲಿ ಗಾರೆಯಂತೆ ನಿಂತು ಅವನ್ನು ಬೆಸೆದವು. ಬಾದಾಮಿಯ ಕೆಂಪು ಆ ಕಬ್ಬಿಣದ ಕೆಂಪು. ಇದು ಪದರಶಿಲೆ. ಕೆಲವು ಹಾಸುಗಳ ಮೇಲೆ ನೀರಿನ ಅಲೆ ಎಳೆದ ಗೆರೆಗಳು ಇಂದಿಗೂ ಉಳಿದಿವೆ. ಒಂದು ದಿನ ಹರಿದ ನೀರಿನ ಗುರುತನ್ನು ಕೋಟ್ಯಂತರ ವರ್ಷ ಕಾಪಾಡಿಕೊಂಡ ಕಲ್ಲನ್ನು ಜಡವೆಂದು ಕರೆಯಲು ನನಗೆ ಅಂದು ನಾಲಗೆ ಬರಲಿಲ್ಲ.

ಮರುದಿನ ಹಂಪಿಯ ದಾರಿಬದಿಯಲ್ಲಿ ಬಿದ್ದಿದ್ದ ತುಂಡುಗಲ್ಲೊಂದನ್ನು ಅಧ್ಯಾಪಕರು ಅದೇ ಹುಡುಗನ ಕೈಗಿತ್ತು, ಗೀರಿ ನೋಡೆಂದರು. ಕಲ್ಲಿನ ಮೇಲೆ ಬೂದುಬಣ್ಣದ ಗೆರೆ ಮೂಡಿತು. ಒರೆಸಿದರೆ ಅದು ಬೀಗದ ಕೈಯ ಪುಡಿ! ಸವೆದದ್ದು ಲೋಹ, ಕಲ್ಲಲ್ಲ.

ಹಂಪಿಯದು ಗ್ರಾನೈಟು, ಅಗ್ನಿಶಿಲೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ್ದ ಶಿಲಾರಸ ಬಹು ನಿಧಾನವಾಗಿ ಆರಿತು. ನಿಧಾನವಾಗಿ ಆರಿದ್ದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿ ಬೆಳೆದುವು. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಒಂದರೊಳಗೊಂದು ಹೆಣೆದುಕೊಂಡವು. ಅಲ್ಲಿ ಗಾರೆಗೆ ಕೆಲಸವೇ ಇಲ್ಲ. ರಾಮನಗರ ಪಟ್ಟಣದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಈ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಬಂದಿದೆ. ವಾನರರು ಎಸೆದಾಡಿದ ಬಂಡೆಗಳೆಂದು ಜನ ಹೇಳುವ ಆ ಗುಂಡುಗಳನ್ನು ಯಾರೂ ಎಸೆದದ್ದಲ್ಲ. ಮೇಲಿದ್ದ ನೆಲ ಸವೆದು ಹೋದಮೇಲೆ ಬಿರುಕುಗಳಲ್ಲಿ ನೀರಿಳಿದು, ಅಂಚುಗಳು ಕರಗಿ, ಅವು ಇದ್ದಲ್ಲೇ ಗುಂಡಾದುವು.

ಶಿಲ್ಪಿಗಳು ಈ ಭೇದವನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ಬಾದಾಮಿಯಲ್ಲಿ ಚಾಲುಕ್ಯರು ಗುಡ್ಡದ ಒಡಲನ್ನೇ ಬಗೆದು ಗುಹೆ ಮಾಡಿದರು. ಮಂಗಳೇಶನ ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ವಿಜಯನಗರದವರು ಬಂಡೆಗೆ ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು ಸೀಳಿದರು. ಆ ಕುಳಿಗಳ ಸಾಲು ಹಂಪಿಯಲ್ಲಿ ಇಂದಿಗೂ ಕಾಣುತ್ತದೆ. ಗ್ರಾನೈಟಿನಲ್ಲಿ ಸೂಕ್ಷ್ಮ ಕೆತ್ತನೆ ಅಸಾಧ್ಯವೆಂದಲ್ಲ, ವಿಠ್ಠಲ ದೇವಾಲಯದ ಕಂಬಗಳೇ ಸಾಕ್ಷಿ. ಆದರೆ ಅಲ್ಲಿ ಉಳಿ ಪ್ರತಿಯೊಂದು ಗೆರೆಗೂ ಹೋರಾಡಬೇಕು.

ಹಾಗಾದರೆ ಹಂಪಿಯ ಕಲ್ಲು ಗಟ್ಟಿ, ಬಾದಾಮಿಯದು ಮೆದುವೆ? ಹಾಗೆ ಹೇಳಿ ಮುಗಿಸುವಂತಿಲ್ಲ. ಬಾದಾಮಿಯ ಮರಳಿನ ಕಣವೂ ಬಹುಪಾಲು ಬೆಣಚೇ. ಗ್ರಾನೈಟಿನಂಥ ಮುದಿ ಶಿಲೆಗಳು ಸವೆದಾಗ ಕೊನೆಗೆ ಉಳಿಯುವ ಹರಳದು. ಬೀಗದ ಕೈ ಆ ಹರಳನ್ನು ಕೊರೆಯಲಾರದು. ಅದು ಬಿಡಿಸಿದ್ದು, ಬಿಸಿಲುಮಳೆಗೆ ಸಡಿಲಿದ ಮೇಲ್ಮೈಯ ಬೆಸುಗೆಯನ್ನು. ಅದೇ ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರದೆನ್ನುವ ಕಪ್ಪೆ ಅರಭಟ್ಟನ ಶಾಸನದಲ್ಲಿ, ನಮ್ಮ ನುಡಿಯ ಅತಿ ಹಳೆಯ ತ್ರಿಪದಿಗಳು ನಿಂತಿವೆ. ಅವು ನಿಂತಿರುವುದೂ ಆ ಬೆಸುಗೆಯ ನಂಬುಗೆಯ ಮೇಲೆಯೇ. ಒಮ್ಮೆ ಉದುರಿದ ಕಣವನ್ನು ಮತ್ತೆ ಅದರ ಸ್ಥಾನದಲ್ಲಿ ಕೂಡಿಸಬಲ್ಲವರು ಯಾರೂ ಇಲ್ಲ.

ಈಗ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ವಿದ್ಯಾರ್ಥಿದೆಸೆಯಲ್ಲಿ ನಾನೂ ಆ ಗುಡ್ಡ ಹತ್ತಿದ್ದೆ. ಒಂದು ಮೂಲೆಯಲ್ಲಿ ನನ್ನ ಹೆಸರಿನ ಎರಡಕ್ಷರ ಕೊರೆದಿದ್ದೆ. ಹುಡುಗನನ್ನು ಗದರಿದ ಮೇಲೆ, ಯಾರಿಗೂ ಕಾಣದಂತೆ ಹೋಗಿ ಹುಡುಕಿದೆ. ಅಕ್ಷರಗಳು ಇದ್ದುವು. ಹಂಪಿಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಹೇಳಿಬಿಟ್ಟೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, “ನನ್ನದು ಒಂದೇ ಅಕ್ಷರ, ಸಾರ್, ಅದೂ ಅರ್ಧ” ಎಂದ.