ತೊಗರಿ ಹೂವಿನ ಕ್ರೋಶಾ ಟಾಪ್

ನವೆಂಬರ್‌ನಲ್ಲಿ ಸೇಡಂನಿಂದ ಚಿತ್ತಾಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ತೊಗರಿ ಹೂಬಿಟ್ಟು ನಿಂತಿರುತ್ತದೆ. ಹೂ-ಬಳ್ಳಿಯ ಕ್ರೋಶಾ ಟಾಪ್ ಹೆಣೆಯಬೇಕು ಎನ್ನುವವರು ಮಾತ್ರ ಮನೆಯಲ್ಲಿ ಕೂತು ಫೋನಿನಲ್ಲಿ ಗುಲಾಬಿ, ಡೇಸಿ ಹುಡುಕುತ್ತಿರುತ್ತಾರೆ. ಹೊಲದವರನ್ನು ಕೇಳಿ ಒಂದು ಟೊಂಗೆ ತಂದರೆ ಮಾದರಿ ಕೈಗೇ ಬಂತು. ತೊಗರಿಯದು ಮೂರೆಲೆಯ ಗೊಂಚಲು, ಎಲೆ ಉದ್ದ, ತುದಿ ಚೂಪು. ಹೂವಿಗೆ ಹಿಂದೆ ಒಂದು ಅಗಲ ದಳ, ಮುಂದೆ ಪುಟ್ಟ ದಳಗಳು. ಕೆಲವು ತಳಿಗಳಲ್ಲಿ ಅಗಲ ದಳದ ಬೆನ್ನಿಗೆ ಕೆಂಪು ಗೀರುಗಳೂ ಇರುತ್ತವೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೂವಿನ ಕಡೆ ಯಾರೂ ಅಷ್ಟು ನೋಡಿದಂತಿಲ್ಲ.

ಬಾಗಿಲ ತೋರಣ, ಟೇಬಲ್ ಹೊದಿಕೆ ಹೆಣೆದವರಿಗೆ ಟಾಪಿನ ಹೆಣಿಗೆ ಹೊಸದಲ್ಲ. ಕಾಡುವುದು ಅಳತೆ. ಟೇಬಲ್ಲಿಗೆ ಭುಜವಿಲ್ಲ, ಕಂಕುಳಿಲ್ಲ. ಮನೆ ಎಣಿಸುತ್ತ ಕೆಳಗಿನಿಂದ ಮೇಲಕ್ಕೆ ಹೆಣೆಯುತ್ತ ಹೋದರೆ ಕುತ್ತಿಗೆಯ ಹತ್ತಿರ ಎಲ್ಲವೂ ತಪ್ಪುತ್ತದೆ. ಇದಕ್ಕೆ ಒಳ್ಳೆಯ ದಾರಿ ಐರ್ಲೆಂಡಿನದು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಹಾಳಾಗಿ ಬರ ಬಿದ್ದಾಗ ಅಲ್ಲಿನ ಹೆಂಗಸರ ಹೊಟ್ಟೆಪಾಡಿಗೆ ಆದ ಕಸುಬು ಇದು. ಹೂ, ಎಲೆಗಳನ್ನು ಬಿಡಿಬಿಡಿಯಾಗಿ ಹೆಣೆದು, ಬಟ್ಟೆಯ ನಕಾಶೆಯ ಮೇಲೆ ಇಟ್ಟು, ನಡುವಿನ ಜಾಗವನ್ನು ಬಲೆಯಿಂದ ತುಂಬುವುದು. ಒಬ್ಬಳು ಹೂ, ಇನ್ನೊಬ್ಬಳು ಎಲೆ ಹೀಗೆ ಕೆಲಸ ಹಂಚಿಕೊಳ್ಳಲೂ ಇದು ಅನುಕೂಲ. ಅಳತೆಯನ್ನು ನಕಾಶೆಯೇ ಹಿಡಿದಿರುತ್ತದೆ, ನೀವು ಎಣಿಸಬೇಕಿಲ್ಲ.

ದಾರ ಹತ್ತಿಯದೇ ಇರಲಿ. ವಾಡಿ, ಶಹಾಬಾದಿನ ಮೇ ತಿಂಗಳಲ್ಲಿ ಅಕ್ರಿಲಿಕ್ ಉಲ್ಲನ್ ತೊಟ್ಟವರ ಪಾಡು ಹೇಳುವುದು ಬೇಡ. ಮರ್ಸರೈಸ್ಡ್ ಹತ್ತಿ ದಾರಕ್ಕೆ ಹೊಳಪಿರುತ್ತದೆ, ಬಣ್ಣವೂ ಚೆನ್ನಾಗಿ ಹಿಡಿದಿರುತ್ತದೆ. ತೆಳು ದಾರಕ್ಕೆ ಒಂದೂವರೆಯಿಂದ 2 ಮಿ.ಮೀ. ಸೂಜಿ ಸಾಕು. ಹೂವಿಗೆ ಹಳದಿ, ಎಲೆಗೆ ಮಾಸಲು ಹಸಿರು, ಬಲೆಗೆ ಶಹಾಬಾದ್ ಕಲ್ಲಿನ ಬೂದು. ಬಿಳಿ ಬಲೆ ನೋಡಲು ಚೆಂದ, ಆದರೆ ಕಲ್ಲಿನ ಗಣಿಯ ಧೂಳಿನೂರಲ್ಲಿ ಎರಡು ದಿನ ಬಾಳದು. ಒಂದೇ ಬಣ್ಣದ ಉಂಡೆಗಳನ್ನು ಒಂದೇ ಲಾಟ್ ನಂಬರಿನವು ನೋಡಿ, ಒಟ್ಟಿಗೇ ಕೊಳ್ಳಿ.

ಎಲೆಗೆ 13 ಚೈನ್ ಹಾಕಿ. ಸೂಜಿಯಿಂದ ಎರಡನೆಯ ಚೈನಿನಲ್ಲಿ ಶುರುಮಾಡಿ ಸಿಂಗಲ್ 1, ಹಾಫ್ ಡಬಲ್ 2, ಡಬಲ್ 6, ಮತ್ತೆ ಹಾಫ್ ಡಬಲ್ 2, ಸಿಂಗಲ್ 1. ತುದಿ ಮುಟ್ಟಿದಾಗ 2 ಚೈನ್ ಹಾಕಿ ತಿರುಗಿಸಿ, ಅದೇ ಚೈನಿನ ಇನ್ನೊಂದು ಬದಿಗೆ ಇದೇ ಲೆಕ್ಕ. ಆ 2 ಚೈನಿನಿಂದಲೇ ಎಲೆಗೆ ಚೂಪು ಬರುತ್ತದೆ. ಇಂಥ ಮೂರನ್ನು ಬುಡದಲ್ಲಿ ಸೇರಿಸಿದರೆ ಒಂದು ಗೊಂಚಲು. ಒಂದು ಎಚ್ಚರಿಕೆ: ಇಲ್ಲಿ ಹೇಳಿದ್ದು ಅಮೆರಿಕದ ಹೆಸರುಗಳು. ಬ್ರಿಟಿಷ್ ಪುಸ್ತಕದಲ್ಲಿ ಇದೇ ಸಿಂಗಲ್ಲನ್ನು ಡಬಲ್ ಅನ್ನುತ್ತಾರೆ, ಡಬಲ್ಲನ್ನು ಟ್ರೆಬಲ್.

ಹೂವಿಗೆ 5 ಚೈನ್ ಸೇರಿಸಿ ಉಂಗುರ ಮಾಡಿ. ಉಂಗುರದೊಳಗೆ 3 ಚೈನ್, 7 ಡಬಲ್, 3 ಚೈನ್, ಒಂದು ಸ್ಲಿಪ್: ಇದು ಅಗಲ ದಳ. ಆಮೇಲೆ ಎರಡು ಸಲ 2 ಚೈನ್, 3 ಹಾಫ್ ಡಬಲ್, 2 ಚೈನ್, ಸ್ಲಿಪ್. ಈ ಪುಟ್ಟ ದಳಗಳನ್ನು ಮುಂದಕ್ಕೆ ಮಡಚಿ ಎರಡು ಟಾಕಿ ಹಾಕಿದರೆ ತೊಗರಿ ಹೂವಿನ ಮೂತಿ ಬಂತು. ದೊಡ್ಡ ದಳಕ್ಕೆ ಮರೂನ್ ದಾರದಲ್ಲಿ ಗೀರು ಎಳೆಯಿರಿ, ಆದರೆ ಆ ದಾರವನ್ನು ಮೊದಲು ನೀರಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಗೀರಿನ ಆಸೆ ಬಿಡಿ.

ಇನ್ನು ಜೋಡಣೆ, ನಿಜವಾದ ಕೆಲಸ ಇರುವುದು ಇಲ್ಲಿ. ಮೈಗೆ ಸರಿಯಾಗಿ ಕೂರುವ ಹಳೆಯ ಟಾಪೊಂದನ್ನು ಗಟ್ಟಿ ಬಟ್ಟೆಯ ಮೇಲೆ ಹರಡಿ ಗೆರೆ ಎಳೆಯಿರಿ; ಎದೆಯ ಸುತ್ತಳತೆಗಿಂತ ಒಟ್ಟು 2 ಇಂಚು ಸಡಿಲವಿರಲಿ. ಹೂ, ಎಲೆಗಳನ್ನು ಮುಖ ಕೆಳಗೆ ಮಾಡಿ ಜೋಡಿಸಿ, ಕಚ್ಚಾ ಹೊಲಿಗೆ ಹಾಕಿ. ಎದೆಯ ಕಡೆ ಒತ್ತೊತ್ತಾಗಿ, ಭುಜದ ಕಡೆ ಬಿಡಿಯಾಗಿ. ನಂತರ ಒಂದು ಎಲೆಯ ಅಂಚಿನಿಂದ 5 ಚೈನ್, ಪಕ್ಕದ ಹೂವಿಗೆ ಒಂದು ಸಿಂಗಲ್. ಅಲ್ಲಿಂದ 6 ಚೈನ್, ಮತ್ತೊಂದು ಎಲೆಗೆ. ಬಲೆ ಓರೆಕೋರೆ ಇದ್ದಷ್ಟೂ ಒಳ್ಳೆಯದು, ನೇರ ಚೌಕಗಳಾದರೆ ಕಿಟಕಿ ಪರದೆಯಂತೆ ಕಾಣುತ್ತದೆ. ಚೈನು ಬಟ್ಟೆಗೆ ಅಂಟಿದಂತಿರಲಿ, ಬಿಗಿದರೆ ಹೂ ಸುಕ್ಕುತ್ತದೆ. ಎಲ್ಲ ತುಂಬಿದ ಮೇಲೆ ಕಚ್ಚಾ ದಾರ ಬಿಚ್ಚಿ ಬಟ್ಟೆಯಿಂದ ಬಿಡಿಸಿ. ಬೆನ್ನಿಗೂ ಹೀಗೆಯೇ. ಬಗಲು, ಭುಜ ಸೇರಿಸಿ ಕುತ್ತಿಗೆ ಮತ್ತು ತೋಳಂಚಿಗೆ ಇನ್ನೂ ಸಣ್ಣ ಸೂಜಿಯಲ್ಲಿ ಎರಡು ಸುತ್ತು ಬಿಗಿ ಸಿಂಗಲ್ ಹಾಕಿ. ಭುಜ ಜಗ್ಗದಂತೆ ತಡೆಯುವುದು ಈ ಎರಡು ಸುತ್ತೇ.

ಚಿಂಚೋಳಿ ಕಾಡಿನ ಮುತ್ತುಗಕ್ಕೂ ಮೂರೆಲೆ. ಚೈನ್ ಕಡಿಮೆ ಮಾಡಿ, ನಡುವೆ ಟ್ರೆಬಲ್ ಹಾಕಿ ಅಗಲಿಸಿದರೆ ಅದೂ ಆದೀತು, ಕೇಸರಿ ಹೂವಿನೊಂದಿಗೆ.

ತೊಳೆದ ಟಾಪನ್ನು ತಂತಿಗೆ ಹಾಕಬೇಡಿ. ನನ್ನ ಮೊದಲನೆಯದು ಹಾಗೆಯೇ ನೇತಾಡಿ ಮೊಣಕಾಲಿಗೆ ಇಳಿಯಿತು. ನೀರು ಹಿಡಿದ ಹತ್ತಿ ಬಲು ಭಾರ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನ ಫರಸಿ ನೆಲದ ಮೇಲೆ ಚಾದರ ಹಾಸಿ ಅಂಗಾತ ಹರಡಿ. ಎಲೆಗಳ ತುದಿಗಳನ್ನು ಬೆರಳಿಂದ ಎಳೆದು ಸರಿಪಡಿಸಿ, ಅಂಚಿಗೆ ನಾಲ್ಕು ತಂಬಿಗೆ ಇಟ್ಟು ಸಂಜೆವರೆಗೆ ಬಿಡಿ.