ಶಾಲಾ ಗ್ರಂಥಪಾಲರ ಶಿಕ್ಷಣ ಮತ್ತು ಅದರ ಅಳತೆಗೋಲು

ವಿಶ್ವವಿದ್ಯಾನಿಲಯದ ಶಿಕ್ಷಣವು ಶಾಲಾ ಗ್ರಂಥಪಾಲರನ್ನು ಎಷ್ಟರಮಟ್ಟಿಗೆ ಕೆಲಸಕ್ಕೆ ಸಿದ್ಧಗೊಳಿಸಿದೆಯೆಂಬುದನ್ನು ಪರೀಕ್ಷೆಯ ಅಂಕಗಳಿಂದಲೇ ನಿರ್ಣಯಿಸಲಾಗದು. ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದು, ಓದುಗನಿಗೆ ತಕ್ಕ ಗ್ರಂಥವನ್ನು ಒದಗಿಸುವ ಹೊಣೆಯನ್ನು ಗ್ರಂಥಪಾಲರ ಮೇಲಿರಿಸುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ಹೊಣೆ ಹಗುರವಾದುದಲ್ಲ. ಇಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಓದುವವರು. ವರ್ಗೀಕರಣ, ಸೂಚೀಕರಣಗಳನ್ನು ಬಲ್ಲವರು ಪುಸ್ತಕವನ್ನು ಕಪಾಟಿನಲ್ಲಿ ತಕ್ಕ ಸ್ಥಾನದಲ್ಲಿರಿಸಬಲ್ಲರು. ಆದರೆ ಇಂಥ ಮಗುವಿನ ಕೈಗೆ ಮೊದಲು ಯಾವ ಪುಸ್ತಕವನ್ನು ಕೊಡಬೇಕೆಂಬುದನ್ನು ಆ ವಿದ್ಯೆಯೊಂದೇ ತಿಳಿಸದು. ಆದುದರಿಂದ ಅಭ್ಯರ್ಥಿಗಳನ್ನು ಶಾಲೆಯಲ್ಲಿಯೇ ಕೆಲವು ಕಾಲ ಕೆಲಸಕ್ಕೆ ನಿಲ್ಲಿಸಿ, ಪುಸ್ತಕ ಕೊಟ್ಟ ವಹಿಯನ್ನು ಪರಿಶೀಲಿಸುವುದು ಯುಕ್ತ. ಒಂದನ್ನು ಹಿಂದಿರುಗಿಸಿದ ಮಗುವಿನ ಹೆಸರಿನಲ್ಲಿ ಎರಡನೆಯ ಪುಸ್ತಕವೂ ದಾಖಲಾಗಿದ್ದರೆ, ಶಿಕ್ಷಣವು ಫಲಿಸಿತೆನ್ನಬಹುದು.